ನಿಧಾನದ ಕಡೆ ಕಿವಿ: ಹಂಗೇರಿಯ ಪಿಟೀಲು ಕೇಳುವವರಿಗೆ

ಹಂಗೇರಿಯ ಪಿಟೀಲು ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಓಟ. ಕಣ್ಣಿಗೆ ನಿಲುಕದ ಕಮಾನು, ಕೊನೆಗೊಂದು ಜೋರಾದ ಮುಕ್ತಾಯ, ಚಪ್ಪಾಳೆ. ಹೊಸದಾಗಿ ಕೇಳಲು ಕೂತವರು ಆ ಓಟವನ್ನು ಸದ್ಯಕ್ಕೆ ಬದಿಗಿಡಿ. ಈ ಸಂಗೀತದ ಜೀವ ಇರುವುದು ಅದಕ್ಕೂ ಮುಂಚೆ ಬರುವ ನಿಧಾನದ ಭಾಗದಲ್ಲಿ.

ಇದನ್ನು ನನಗೆ ಕಲಿಸಿದ್ದು ಅಪ್ಪನ ಕ್ಯಾಸೆಟ್ಟು. ಅವರು ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದವುಗಳಲ್ಲಿ ಸರಸಾತೆಯ ‘ತ್ಸಿಗೊಯ್ನರ್‌ವೈಸೆನ್’ ಇರುವುದೂ ಒಂದು. ನಿಧಾನದ ಭಾಗ ಬರುತ್ತಿದ್ದಂತೆ ಟೇಪು ಸವೆದು ಸ್ವರ ಅಲ್ಲಾಡುತ್ತದೆ. ವೇಗದ ಭಾಗ ಮಾತ್ರ ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಇದೆ. ಅಪ್ಪ ಅಲ್ಲಿಗೆ ಬಂದೊಡನೆ ನಿಲ್ಲಿಸಿ ರಿವೈಂಡ್ ಮಾಡುತ್ತಿದ್ದರು. ಡಬ್ಬಿಯ ಚೀಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ಅವರದೇ ಅಕ್ಷರ: ‘ಸಿಂಹೇಂದ್ರ’.

ನೀವೂ ಈ ಕೃತಿಯಿಂದಲೇ ಶುರುಮಾಡಬಹುದು. ತಮಾಷೆಯೆಂದರೆ, 1878ರಲ್ಲಿ ಇದನ್ನು ಬರೆದ ಪಾಬ್ಲೊ ದೆ ಸರಸಾತೆ ಹಂಗೇರಿಯವನಲ್ಲ, ಸ್ಪೇನಿನವನು. ಮದುವೆ ಮಂಟಪದಿಂದ ಮೊಬೈಲ್ ರಿಂಗ್‌ಟೋನಿನವರೆಗೆ ಎಲ್ಲೆಲ್ಲೂ ಕೇಳಿಬರುವ ‘ಚಾರ್ದಾಶ್’ ಬರೆದ ಮೊಂತಿ ಇಟಲಿಯವನು. ‘ಹಂಗೇರಿಯನ್ ನೃತ್ಯ’ಗಳ ಬ್ರಾಮ್ಸ್ ಜರ್ಮನಿಯವನು. 1853ರಲ್ಲಿ ಎದೆ ರೆಮೆನ್ಯಿ ಎಂಬ ಹಂಗೇರಿಯ ಪಿಟೀಲುವಾದಕನ ಜೊತೆ ಪಿಯಾನೊ ನುಡಿಸುತ್ತ ಊರೂರು ಸುತ್ತಿದ ಬ್ರಾಮ್ಸ್‌ಗೆ ಈ ಧಾಟಿ ಕಿವಿಗೆ ಹತ್ತಿತು. ಆ ನೃತ್ಯಗಳಲ್ಲಿ ಜಗತ್ತಿಗೆಲ್ಲ ಗೊತ್ತಿರುವ ಐದನೆಯದು ಜನಪದವೆಂದು ಬ್ರಾಮ್ಸ್ ಭಾವಿಸಿದ್ದ ಧಾಟಿ. ಆದರೆ ಅದು ಬೇಲಾ ಕೇಲೆರ್ ಬರೆದ ಒಂದು ಚಾರ್ದಾಶ್, ಅಂದರೆ ಹಂಗೇರಿಯ ಕುಣಿತದ ಧಾಟಿ. ಸರಸಾತೆಯ ಕೃತಿಯ ನಡುವೆ ಪಿಟೀಲಿನ ಕುದುರೆಗೆ ಮ್ಯೂಟ್ ಸಿಕ್ಕಿಸಿ ನುಡಿಸುವ ಭಾಗವೂ ಹಾಗೆಯೇ, ಎಲೆಮೇರ್ ಸೆಂತಿರ್ಮಯ್ ಎಂಬಾತ ಕಟ್ಟಿದ ಹಾಡು. ಅಪ್ಪನ ಟೇಪು ಅತಿ ಹೆಚ್ಚು ಸವೆದಿರುವುದು ಇಲ್ಲಿಯೇ.

ಇನ್ನು ‘ಸಿಂಹೇಂದ್ರ’ದ ಮಾತು. ಕರ್ನಾಟಕ ಸಂಗೀತದ ಪರಿಚಯವಿದ್ದವರಿಗೆ ಇದು ಒಳ್ಳೆಯ ಮೆಟ್ಟಿಲು. ಪಾಶ್ಚಾತ್ಯರು ‘ಹಂಗೇರಿಯನ್ ಮೈನರ್’ ಎನ್ನುವ ಸ್ವರಶ್ರೇಣಿಯ ಸ್ವರಸ್ಥಾನಗಳು ನಮ್ಮ 57ನೇ ಮೇಳ ಸಿಂಹೇಂದ್ರಮಧ್ಯಮದವೇ. ಸಾಧಾರಣ ಗಾಂಧಾರದಿಂದ ಪ್ರತಿಮಧ್ಯಮಕ್ಕೆ, ಶುದ್ಧ ಧೈವತದಿಂದ ಕಾಕಲಿ ನಿಷಾದಕ್ಕೆ ಇರುವ ಅಗಲವಾದ ಜಿಗಿತಗಳೇ ಎರಡು ಕಡೆಯೂ ಎದೆ ಹಿಂಡುವುದು. ಮೈಸೂರು ವಾಸುದೇವಾಚಾರ್ಯರ ‘ನಿನ್ನೇ ನಮ್ಮಿತಿನಯ್ಯ’ ಕೇಳಿ ಬೆಳೆದವರಿಗೆ ಸರಸಾತೆಯ ಮೊದಲ ಸಾಲುಗಳು ಅಪರಿಚಿತ ಎನಿಸಲಾರವು. ಆದರೆ ಹೋಲಿಕೆಯನ್ನು ಅಲ್ಲಿಗೇ ಬಿಡಿ. ಅಲ್ಲಿ ರಾಗವಿಲ್ಲ. ಗಮಕದ ಕಂಪನವನ್ನು ಹುಡುಕಿದರೆ ಸಿಗುವುದು ಬೆರಳಿನ ವೈಬ್ರಾಟೊ. ಮಧ್ಯಮ ಯಾವ ಕ್ಷಣದಲ್ಲಾದರೂ ಶುದ್ಧಕ್ಕೆ ಇಳಿಯಬಹುದು. ಈ ಧಾಟಿಯನ್ನು ಮೆರೆಸಿದ ರೋಮಾ ಜನರ ಪೂರ್ವಿಕರು ಶತಮಾನಗಳ ಹಿಂದೆ ಭಾರತದಿಂದ ಹೋದವರು, ಹಾಗಾಗಿ ಇದು ನಮ್ಮದೇ ರಾಗ ಎಂಬ ವಾಟ್ಸಾಪ್ ಪಾಂಡಿತ್ಯವಂತೂ ಬೇಡ. ಸ್ವರಸ್ಥಾನ ಕೂಡಿದ ಮಾತ್ರಕ್ಕೆ ವಂಶಾವಳಿ ಸಿದ್ಧವಾಗುವುದಿಲ್ಲ.

ಸ್ವರಕ್ಕಿಂತ ಲಯದಲ್ಲೇ ಹಂಗೇರಿಯ ಗುರುತು ಬೇಗ ಸಿಗುತ್ತದೆ. ಹಂಗೇರಿಯನ್ ಭಾಷೆಯಲ್ಲಿ ಒತ್ತು ಬೀಳುವುದು ಯಾವಾಗಲೂ ಪದದ ಮೊದಲ ಅಕ್ಷರದ ಮೇಲೆ. ಹಾಗಾಗಿ ಸಾಲು ನೇರ ಪೆಟ್ಟಿನ ಮೇಲೆಯೇ ಏಳುತ್ತದೆ, ಎತ್ತುಗಡೆಗೆಂದು ಮುಂಚಿತವಾಗಿ ಒಂದು ಸ್ವರ ಬರುವುದು ಅಪರೂಪ. ಮೊದಲು ಒತ್ತಿ ನುಡಿದ ಲಘು, ಅದರ ಬೆನ್ನಿಗೇ ಎಳೆದ ಗುರು: ಈ ಚಿಟುಕು ಮತ್ತೆ ಮತ್ತೆ ಬರುತ್ತದೆ. ಒಮ್ಮೆ ಕಿವಿಗೆ ಬಿತ್ತೆಂದರೆ ಬ್ರಾಮ್ಸ್‌ನಲ್ಲೂ ಹಂಗೇರಿಯದೇ ಸಂಗೀತಕಾರ ಬೇಲಾ ಬಾರ್ತೋಕ್‌ನಲ್ಲೂ ಅದನ್ನು ಹಿಡಿಯಬಹುದು. ಸಾಲಿನ ಕೊನೆಗೂ ಒಂದು ಮುದ್ರೆಯುಂಟು, ಹೆಸರು ಬೊಕಾಜೋ. ಬೂಟಿನ ಹಿಮ್ಮಡಿಗಳನ್ನು ಟಕ್ಕನೆ ತಾಕಿಸುವ ಕುಣಿತದ ಹೆಜ್ಜೆ ಅದು. 18ನೇ ಶತಮಾನದಲ್ಲಿ ಸೈನ್ಯಕ್ಕೆ ಹುಡುಗರನ್ನು ಸೇರಿಸಿಕೊಳ್ಳಲು ಸಿಪಾಯಿಗಳು ಊರೂರಲ್ಲಿ ಪಿಟೀಲಿನವರನ್ನು ಕರೆಸಿ ಕುಣಿಯುತ್ತಿದ್ದರು. ಆ ‘ವೆರ್ಬುಂಕೋಶ್’ ಕುಣಿತದಿಂದಲೇ ಈ ಶೈಲಿಯ ಬಹುಪಾಲು ಹುಟ್ಟಿದ್ದು. ಮೊದಲು ‘ಲಶ್ಶೂ’ ಎಂಬ ನಿಧಾನ, ನಂತರ ‘ಫ್ರಿಶ್’ ಎಂಬ ಚುರುಕು. ಇಡೀ ಪರಂಪರೆ ಈ ಎರಡು ಕಾಲಿನ ಮೇಲೆ ನಿಂತಿದೆ. ಅದರ ದೊಡ್ಡ ಹೆಸರು ರೋಮಾ ವಾದಕ ಯಾನೋಶ್ ಬಿಹಾರಿ. 1824ರಲ್ಲಿ ಗಾಡಿ ಅಪಘಾತದಲ್ಲಿ ಎಡಗೈ ಮುರಿದು ಆತನ ವಾದನ ನಿಂತಿತು. ಮೂರು ವರ್ಷದಲ್ಲಿ ತೀರಿಕೊಂಡ.

ನಿಧಾನದ ಭಾಗವನ್ನು ಕೇಳುವುದು ಹೇಗೆ? ತಾಳ ಹಾಕಬೇಡಿ. ಕುಣಿಯಲಿಕ್ಕಲ್ಲದೆ ಕೇಳಲಿಕ್ಕೆಂದೇ ಇರುವ ಹಾಡುಗಳಿಗೆ ಅಲ್ಲಿ ‘ಹಲ್‌ಗತೋ’ ಎನ್ನುತ್ತಾರೆ. ಅವು ಮಾತಿನ ಲಯದಲ್ಲಿ ಸಾಗುತ್ತವೆ. ರೆಸ್ಟುರಾದಲ್ಲಿ ತಂಡದ ಮುಖ್ಯ ಪಿಟೀಲುವಾದಕ, ಅಂದರೆ ಪ್ರೀಮಾಶ್, ಒಂದು ಮೇಜಿನ ಪಕ್ಕಕ್ಕೆ ಬಂದು ಗಿರಾಕಿಯ ಕಿವಿಯ ಹತ್ತಿರವೇ ನಿಂತು ನುಡಿಸುತ್ತಾನೆ. ಒಂದು ಸ್ವರವನ್ನು ಎಳೆದು, ಇನ್ನೇನು ಮುಂದಿನದಕ್ಕೆ ಹೋಗಬೇಕು ಎನ್ನುವಾಗ ತಡೆಯುತ್ತಾನೆ. ಆ ತಡೆಯುವಿಕೆಯಲ್ಲೇ ಕೈಚಳಕ. ಅವನ ಹಿಂದಿನವರನ್ನು ಗಮನಿಸಿ. ಸ್ವರ ಬರೆದ ಕಾಗದ ಯಾರ ಮುಂದೆಯೂ ಇರುವುದಿಲ್ಲ. ಎರಡನೇ ಪಿಟೀಲು (ಕೊಂತ್ರಾ), ದೊಡ್ಡ ಬಾಸ್, ನಮ್ಮ ಸಂತೂರಿನ ಬಳಗದ ಸಿಂಬಲೋಮ್ ಎಲ್ಲವೂ ಅವನ ಕಮಾನು ತಿರುಗುವುದನ್ನೇ ಕಾಯುತ್ತವೆ. ಅವನು ತಿರುಗಿಸಿದೊಡನೆ ಅವರೂ ಸ್ವರಮೇಳ ಬದಲಿಸುತ್ತಾರೆ, ಕೂದಲೆಳೆಯಷ್ಟು ಹಿಂದೆ. ಒಂದು ಸಲ ಪ್ರೀಮಾಶ್‌ನನ್ನು ಬಿಟ್ಟು ಕೊಂತ್ರಾ ಒಂದನ್ನೇ ಕೇಳಿ ನೋಡಿ. ನನಗೆ ಈ ಸಂಗೀತ ತೆರೆದುಕೊಂಡದ್ದು ಹಾಗೆ.

ಅಪ್ಪನಿಗೂ ನನಗೂ ಒಂದು ಜಗಳ ಕೊನೆಯವರೆಗೂ ಇತ್ತು. ಅದು ಬೇಲಾ ಬಾರ್ತೋಕ್ ಬಗ್ಗೆ. 20ನೇ ಶತಮಾನದ ಮೊದಲ ದಶಕದಲ್ಲಿ ಬಾರ್ತೋಕ್ ಮತ್ತು ಇನ್ನೊಬ್ಬ ಸಂಗೀತಕಾರ ಜೋಲ್ತಾನ್ ಕೋದಾಯ್ ಎಡಿಸನ್ ಫೋನೋಗ್ರಾಫ್ ಹೊತ್ತು ಹಳ್ಳಿಗಳಿಗೆ ಹೋದರು. ರೈತರ ಹಾಡುಗಳನ್ನು ಮೇಣದ ಉರುಳೆಗಳ ಮೇಲೆ ಹಿಡಿದು ತಂದರು. ಅವುಗಳಲ್ಲಿನ ಹಳೆಯ ಪದರ ಐದು ಸ್ವರಗಳದ್ದು, ಸಿಂಹೇಂದ್ರದ ನೆರಳೂ ಇಲ್ಲ. ಪೇಟೆಯ ರೋಮಾ ತಂಡಗಳು ನುಡಿಸುತ್ತಿದ್ದುದು ಹಂಗೇರಿಯ ಅಸಲಿ ಜನಪದವಲ್ಲ, ಹೆಚ್ಚಾಗಿ 19ನೇ ಶತಮಾನದಲ್ಲಿ ಯಾರೋ ಕಟ್ಟಿದ ಪೇಟೆಯ ಹಾಡುಗಳು ಎಂದು ಬಾರ್ತೋಕ್ ಖಂಡಿತವಾಗಿ ಹೇಳಿದ. “ಅಸಲಿ ಅಲ್ಲದಿದ್ದರೆ ಏನೀಗ? ಕಟ್ಟಿದವನೂ ಮನುಷ್ಯನೇ ತಾನೆ?” ಎನ್ನುತ್ತಿದ್ದರು ಅಪ್ಪ. ಇತಿಹಾಸದ ಲೆಕ್ಕದಲ್ಲಿ ಬಾರ್ತೋಕ್ ಸರಿ. ಕೇಳುಗನ ಲೆಕ್ಕದಲ್ಲಿ ಅಪ್ಪನದೂ ತಪ್ಪಲ್ಲ ಎಂದು ಈಗ ಅನಿಸುತ್ತದೆ. ಸೆಂತಿರ್ಮಯ್‌ನ ಹಾಡನ್ನು ಮ್ಯೂಟ್ ಹಾಕಿ ನುಡಿಸಿದಾಗ ಅದರ ಜಾತಕ ಕೇಳಬೇಕೆಂದು ಯಾರಿಗೂ ತೋಚುವುದಿಲ್ಲ.

ಹಾಗೆಂದು ಬಾರ್ತೋಕ್‌ನನ್ನು ಬಿಡಬೇಡಿ. 1928ರ ಮೊದಲ ರಾಪ್ಸೊಡಿಯನ್ನು ಹಾಕಿಕೊಳ್ಳಿ. ಅದರಲ್ಲೂ ಲಶ್ಶೂ, ಫ್ರಿಶ್ ಎಂಬ ಎರಡೇ ಭಾಗ. ಆದರೆ ಧಾಟಿಗಳು ಹಳ್ಳಿಯ ಪಿಟೀಲಿನವು, ನುಣುಪಿಲ್ಲ. ಇದನ್ನು ಆತ ಅರ್ಪಿಸಿದ್ದು ಪಿಟೀಲುವಾದಕ ಯೋಜೆಫ್ ಸಿಗೆತಿಗೆ. 1940ರ ಏಪ್ರಿಲ್ 13ರಂದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಬಾರ್ತೋಕ್ ಪಿಯಾನೊಗೆ ಕೂತು ಇಬ್ಬರೂ ನುಡಿಸಿದ ದಾಖಲೆ ಉಳಿದಿದೆ. ಸಿಗೆತಿಯ ಧ್ವನಿ ಕೆಲವು ಕಡೆ ಒರಟು, ಅಲ್ಲಿಯೇ ರುಚಿ. 1944ರಲ್ಲಿ ಯೆಹೂದಿ ಮೆನುಹಿನ್‌ಗಾಗಿ ಬರೆದ ಒಂಟಿ ಪಿಟೀಲಿನ ಸೊನಾಟಾ ಮಾತ್ರ ಹೊಸಬರಿಗೆ ಬೇಡ. ಒಂದೆರಡು ವರ್ಷ ಕಾಯಲಿ.

ಹಳ್ಳಿಯ ಪಿಟೀಲನ್ನೇ ನೇರವಾಗಿ ಕೇಳಬೇಕೆನಿಸಿದರೆ ‘ತಾಂತ್ಸ್‌ಹಾಜ್’ ಚಳವಳಿಯವರ ಕಡೆ ಹೋಗಿ. 1972ರಲ್ಲಿ ಬುಡಾಪೆಸ್ಟ್‌ನಲ್ಲಿ ಬೇಲಾ ಹಾಲ್ಮೋಶ್, ಫೆರೆಂತ್ಸ್ ಶೆಬೋ ಮುಂತಾದ ಯುವಕರು ಟ್ರಾನ್ಸಿಲ್ವೇನಿಯಾದ ಸೇಕ್ ಎಂಬ ಹಳ್ಳಿಯ ಕುಣಿತ, ವಾದನಗಳನ್ನು ಪೇಟೆಗೆ ತಂದರು. ಅಲ್ಲಿಯ ಕೊಂತ್ರಾಕ್ಕೆ ಮೂರೇ ತಂತಿ, ಕುದುರೆ ಚಪ್ಪಟೆ. ಹಾಗಾಗಿ ಒಂದೇ ಕಮಾನಿಗೆ ಮೂರೂ ತಂತಿ ಒಟ್ಟಿಗೆ ಮೊರೆಯುತ್ತವೆ. ‘ಮುಝಿಕಾಶ್’ ತಂಡದ ಧ್ವನಿಮುದ್ರಿಕೆಗಳಲ್ಲಿ ಈ ಮೊರೆತ ಚೆನ್ನಾಗಿ ಸಿಗುತ್ತದೆ.

ನಮ್ಮ ಮನೆಯಲ್ಲಿ ಸೂತಕದ ದಿನಗಳಲ್ಲಿ ಸಂಗೀತ ಹಾಕುವುದಿಲ್ಲ, ಅಪ್ಪ ಹೋದಾಗಲೂ ಹಾಕಲಿಲ್ಲ. ಹಂಗೇರಿಯ ರೋಮಾ ವಾದಕರಲ್ಲಿ ಇದು ತಿರುಗುಮುರುಗು. ಹಿರಿಯ ವಾದಕ ಸತ್ತರೆ ಸಹವಾದಕರೆಲ್ಲ ಪಿಟೀಲು ಹಿಡಿದೇ ಬರುತ್ತಾರೆ. ಪ್ರೀಮಾಶ್ ಷಾಂದೋರ್ ಯಾರೋಕಾ ತೀರಿಕೊಂಡಾಗ ಅಂತ್ಯಕ್ರಿಯೆಗೆ ಹಾಗೆ ನೆರೆದವರು ಕೂಡಿ ನುಡಿಸಿದ್ದರಿಂದಲೇ ಬುಡಾಪೆಸ್ಟ್‌ನ ನೂರು ಜನರ ರೋಮಾ ವಾದ್ಯವೃಂದ 1985ರಲ್ಲಿ ಹುಟ್ಟಿತು. ಆ ವೃಂದದ ವೇಗದ ತುಣುಕುಗಳು ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ, ಮಜವಾಗಿಯೂ ಇವೆ. ಆದರೆ ಹಲ್‌ಗತೋ ಕೇಳುವುದಾದರೆ ಐದಾರು ಜನರ ತಂಡವನ್ನೇ ಹುಡುಕಿ. ಅಷ್ಟೊಂದು ಕಮಾನುಗಳು ಎಷ್ಟೇ ಕಾದರೂ ಒಬ್ಬ ಪ್ರೀಮಾಶ್‌ನ ಹಾಗೆ ತಡೆಯಲಾರವು.