ಕೊಂಡವನಿಗೇ ಬೀಗ

2025ರ ಆಗಸ್ಟ್‌ನಲ್ಲಿ ರಾಮಂತಾಪುರದ ಕೃಷ್ಣಾಷ್ಟಮಿ ರಥಯಾತ್ರೆಯಲ್ಲಿ ಕರೆಂಟ್ ಹೊಡೆದು ಐವರು ಸತ್ತ ಮೇಲೆ ಹೈದರಾಬಾದಿನ ಕಂಬಗಳಿಂದ ಕೇಬಲ್‌ಗಳನ್ನು ಕತ್ತರಿಸಿ ಹಾಕಿದರಲ್ಲ, ಆಗ ಮಿಯಾಪುರದ ನಮ್ಮ ಮನೆಯಲ್ಲೂ ಇಂಟರ್ನೆಟ್ ಹೋಯಿತು. ಮೊಬೈಲ್ ಹಾಟ್‌ಸ್ಪಾಟ್ ನನ್ನ ಆಫೀಸ್ ಕಾಲ್‌ಗಳಿಗೇ ಸಾಲುತ್ತಿರಲಿಲ್ಲ. ಮಗನ ಆಟ ತೆರೆಯಲೇ ಇಲ್ಲ. "ಅಪ್ಪಾ, ಇದು ಒಬ್ನೇ ಆಡೋ ಆಟ. ಇದಕ್ಯಾಕೆ ನೆಟ್ಟು?" ಎಂದ. ಹುಟ್ಟುಹಬ್ಬಕ್ಕೆ ಪೂರ್ತಿ ಬೆಲೆ ಕೊಟ್ಟು ಕೊಡಿಸಿದ್ದ ಆಟ. ಕೆಳಗಿನ ಫ್ಲ್ಯಾಟಿನ ಹುಡುಗನ ಹತ್ತಿರ ಅದರದೇ ಕದ್ದ ಪ್ರತಿ ಇತ್ತು, ಅದು ಸಲೀಸಾಗಿ ನಡೆಯುತ್ತಿತ್ತು. ಕದ್ದದ್ದು ಬೇಡ, ಕೊಂಡೇ ಆಡು ಎಂದು ಮಗನಿಗೆ ಹೇಳಿದ್ದವನು ನಾನೇ.

ಇದು ಹೊಸ ಕಥೆಯೇನಲ್ಲ. 2008ರಲ್ಲಿ ಬಂದ ‘ಸ್ಪೋರ್’ ಆಟವನ್ನು ಮೊದಲಿಗೆ ಮೂರು ಕಂಪ್ಯೂಟರುಗಳಲ್ಲಷ್ಟೇ ಚಾಲೂ ಮಾಡಬಹುದಿತ್ತು. ಕೊಂಡವರು ಗಲಾಟೆ ಮಾಡಿದ ಮೇಲೆ ಅದನ್ನು ಐದಕ್ಕೆ ಏರಿಸಿದರು. ಕದ್ದವರಿಗೆ ಮೂರೂ ಇಲ್ಲ, ಐದೂ ಇಲ್ಲ. 2010ರಲ್ಲಿ ‘ಅಸ್ಯಾಸಿನ್ಸ್ ಕ್ರೀಡ್ 2’ರ ಪಿಸಿ ಆವೃತ್ತಿಗೆ ಸದಾ ನೆಟ್ ಬೇಕೆಂಬ ಷರತ್ತು ಹಾಕಿದರು. ಬಿಡುಗಡೆಯಾದ ಹೊಸತರಲ್ಲೇ ಸರ್ವರ್ ಮೇಲೆ ದಾಳಿಯಾಗಿ, ದುಡ್ಡು ಕೊಟ್ಟವರು ಕೈಕಟ್ಟಿ ಕೂತರು. 2021ರ ‘ರೆಸಿಡೆಂಟ್ ಈವಿಲ್ ವಿಲೇಜ್’ ಪಿಸಿಯಲ್ಲಿ ಅಲ್ಲಲ್ಲಿ ತಡವರಿಸುತ್ತಿತ್ತು. ಕೊನೆಗೆ ಕಂಪನಿಯೇ ನಕಲು ತಡೆಯುವ ಭಾಗವನ್ನು ಸರಿಪಡಿಸಿದ ಪ್ಯಾಚ್ ಕೊಡಬೇಕಾಯಿತು.

ಬೀಗ ಹಾಕುವವರ ಕಡೆಯ ಮಾತೂ ನನಗೆ ಗೊತ್ತು. ಎಂಟೆಕ್ ಹಾಸ್ಟೆಲ್ಲಿನಲ್ಲಿ ನಾವು ಆಡಿದ ಒಂದು ಆಟಕ್ಕೂ ದುಡ್ಡು ಕೊಟ್ಟವರಲ್ಲ. ದೊಡ್ಡ ಆಟಗಳ ಗಳಿಕೆಯಲ್ಲಿ ಮೊದಲ ಕೆಲವು ವಾರಗಳ ಪಾಲೇ ಹೆಚ್ಚು. ಅಷ್ಟು ದಿನ ಕಳ್ಳರನ್ನು ತಡೆದರೆ ಸಾಕು ಎಂಬ ಲೆಕ್ಕ ತಪ್ಪೇನಲ್ಲ. ಆದರೆ ಆ ವಾರಗಳು ಕಳೆದು, ಬೀಗ ಒಡೆದು, ಕಳ್ಳಪ್ರತಿ ಊರೆಲ್ಲ ಹರಡಿದ ಮೇಲೂ ಕೊಂಡವನ ಬಾಗಿಲಿಗೆ ಬೀಗ ಯಾಕಿರಬೇಕು? ‘ವಿಚರ್ 2’ ಮಾಡಿದ ಪೋಲೆಂಡಿನ ಕಂಪನಿ 2011ರಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಪ್ಯಾಚ್ ಕೊಟ್ಟು ಬೀಗ ತೆಗೆದುಹಾಕಿತು. ಮನಸ್ಸಿದ್ದರೆ ಆಗುತ್ತದೆ.

ನಾನೂ ಸಾಚಾ ಅಲ್ಲ. ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಪ್ರಾಡಕ್ಟಿಗೆ ಲೈಸೆನ್ಸ್ ಚೆಕ್ ಹಾಕಿಸಿದ್ದೆ. ಸಪೋರ್ಟಿಗೆ ಬಂದ ಟಿಕೆಟ್‌ಗಳೆಲ್ಲ ದುಡ್ಡು ಕೊಟ್ಟವರವೇ. ಕದ್ದವನು ಟಿಕೆಟ್ ಹಾಕುತ್ತಾನೆಯೇ? ಹಾಗಾಗಿ ನಮ್ಮ ಡ್ಯಾಶ್‌ಬೋರ್ಡಿನಲ್ಲಿ ಕಳ್ಳತನ ಎಂದೂ ಕಾಣಲಿಲ್ಲ, ಗಿರಾಕಿಯ ಕಿರಿಕಿರಿಯಷ್ಟೇ ಕಂಡಿತು. ಆದರೂ ಚೆಕ್ ತೆಗೆಯಲಿಲ್ಲ. ತೆಗೆದ ಮೇಲೆ ನಷ್ಟವಾದರೆ ಯಾರ ತಲೆಗೆ ಎಂಬ ಭಯ. ಆಟದ ಕಂಪನಿಗಳಲ್ಲೂ ಇಂಥ ಮೀಟಿಂಗುಗಳೇ ನಡೆಯುತ್ತಿರಬೇಕು.

ಇದಕ್ಕಿಂತ ಕೆಟ್ಟದ್ದು ‘ದಿ ಕ್ರೂ’ ಎಂಬ ಕಾರ್ ರೇಸಿನ ಆಟದ ಪಾಡು. 2014ರಲ್ಲಿ ಬಂದದ್ದು, 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿದರು. ಒಬ್ಬರೇ ಆಡುವ ಭಾಗವೂ ಅದರೊಂದಿಗೇ ಹೋಯಿತು. ಡಿಸ್ಕ್ ಕಪಾಟಿನಲ್ಲಿದೆ, ಆಟ ಇಲ್ಲ. ನಮ್ಮಲ್ಲಿ 2012ರ ತಿದ್ದುಪಡಿಯಿಂದ ಕಾಪಿರೈಟ್ ಕಾಯ್ದೆಗೆ ಸೇರಿದ 65ಎ ಕಲಂ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಒಡೆದವನಿಗೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ ಎನ್ನುತ್ತದೆ. ‘ಉದ್ದೇಶ’ ಎಂಬ ಆ ಒಂದು ಪದ ಇರುವುದು ಒಳ್ಳೆಯದೇ. ಆದರೆ ಬೀಗ ಹಾಕಿದವನು ಕೀಲಿಕೈ ಎಸೆದು ಹೋದರೆ ಕೊಂಡವನಿಗೆ ಏನು ಸಿಗಬೇಕು ಎಂಬ ಮಾತು ಆ ಕಲಮಿನಲ್ಲಿಲ್ಲ.

ದಸರಾ ರಜೆಗೆ ಊರಿಗೆ ಹೊರಡುವ ಮುಂಚೆ ಮಗನೂ ನಾನೂ ರೌಟರ್ ಆಫ್ ಮಾಡಿ, ಲ್ಯಾಪ್‌ಟಾಪಿನ ಆಟಗಳನ್ನು ಒಂದೊಂದಾಗಿ ಟೆಸ್ಟ್ ಮಾಡಿದೆವು. ಆಫೀಸಿನ ಅಭ್ಯಾಸ, ಪಾಸ್ ಫೇಲ್ ಎಂದು ಶೀಟೂ ಮಾಡಿದೆ. ಹನ್ನೊಂದರಲ್ಲಿ ನಾಲ್ಕು ತೆರೆಯಲಿಲ್ಲ. ಹನ್ನೊಂದಕ್ಕೂ ದುಡ್ಡು ಕೊಟ್ಟಿದ್ದೇವೆ.