ಕೈಗೆ ಬಂದ ಹ್ಯಾಂಡಲ್

ಕಳೆದ ಮಳೆಗಾಲದಲ್ಲಿ ಸುಬ್ರಹ್ಮಣ್ಯದಿಂದ ಕಡಬ ದಾರಿಯಾಗಿ ಪುತ್ತೂರಿಗೆ ಬಂದು ಮನೆಯ ಅಂಗಳದಲ್ಲಿ ಕಾರು ನಿಲ್ಲಿಸಿದೆವು. ಹಿಂದಿನ ಸೀಟಿನಲ್ಲಿದ್ದ ಅತ್ತೆ ಇಳಿಯಲೆಂದು ಬಾಗಿಲಿನ ಒಳಗಿನ ಹ್ಯಾಂಡಲ್ ಎಳೆದರು. ಅದು ಕೈಗೇ ಬಂತು. ಗ್ಲಾಸ್ ಇಳಿಸಿ, ಮಳೆಯಲ್ಲಿ ಕೈ ಹೊರಗೆ ಹಾಕಿ ಬಾಗಿಲು ತೆಗೆದುಕೊಂಡರು. ಮತ್ತೆ ನಾಲ್ಕು ತಿಂಗಳು ಅದೇ ರೂಢಿಯಾಯಿತು. "ಆ ಬದಿಯದ್ದು ಒಳಗಿಂದ ತೆರೆಯುವುದಿಲ್ಲ, ತಡೀರಿ, ನಾನು ತೆಗೆದು ಕೊಡ್ತೇನೆ" ಎಂಬ ಮಾತು ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಹಳೆಯ ಕಾರು ಇರುವ ಯಾವ ಮನೆಗೂ ಹೊಸತಲ್ಲ.

ಮುರಿದ ಹ್ಯಾಂಡಲನ್ನು ಗಟ್ಟಿ ಮಾಡಿಕೊಡುವುದು ನಮ್ಮ ಗ್ಯಾರೇಜುಗಳ ದಿನನಿತ್ಯದ ಕೆಲಸ. ಅಂಟು ಹಾಕಿ ಕೂರಿಸುವವರುಂಟು, ತಗಡಿನ ಪಟ್ಟಿ ಕೊಟ್ಟು ರಿವೆಟ್ ಹೊಡೆಯುವವರುಂಟು, ಲೇತಿನಲ್ಲಿ ಹಿತ್ತಾಳೆಯ ಹೊಸ ತುಂಡನ್ನೇ ಮಾಡಿಸಿ ತರುವವರೂ ಉಂಟು. ಈ ಕೈಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಗಟ್ಟಿ ಎಂಬ ಮಾತಿಗೆ ಅವರೂ, ಕಾರು ಮಾಡುವವರೂ ಕೊಟ್ಟಿರುವ ಅರ್ಥ ತಪ್ಪು ಎಂದೇ ನನ್ನ ವಾದ.

ಒಳಗಿನ ಹ್ಯಾಂಡಲ್ ಒಂದು ಸಣ್ಣ ಸನ್ನೆ. ಪಿನ್ನಿನ ಸುತ್ತ ತಿರುಗುವ ಅದರ ಗಿಡ್ಡ ತುದಿ ಕೇಬಲನ್ನೋ ರಾಡನ್ನೋ ಎಳೆಯುತ್ತದೆ. ಬಾಗಿಲಂಚಿನ ಲಾಕಿನೊಳಗೆ ಒಂದು ಕವಲುಕೊಕ್ಕೆ ಬಾಗಿಲ ಪಕ್ಕದ ಕಂಬದ ಮೇಲಿನ ಕೊಂಡಿಯನ್ನು ಹಿಡಿದಿರುತ್ತದೆ. ಕೊಕ್ಕೆಯನ್ನು ತಡೆದಿರುವ ಹಲ್ಲು ಹಿಂದೆ ಸರಿದಾಗ ಬಾಗಿಲು ಬಿಡುತ್ತದೆ. ಹಿಡಿಯುವ ತುದಿ ಪಿನ್ನಿನಿಂದ ಆರು ಸೆಂಟಿಮೀಟರ್, ಕೇಬಲ್ ಕಟ್ಟಿದ ತುದಿ ಎರಡು ಸೆಂಟಿಮೀಟರ್ ಇದೆಯೆನ್ನಿ. ಐದು ಕಿಲೋ ಎಳೆತಕ್ಕೆ ಕೇಬಲಿನ ಮೇಲೆ ಹದಿನೈದು ಕಿಲೋ ಬೀಳುತ್ತದೆ. ಈ ಹೊರೆಯೆಲ್ಲ ಪ್ಲಾಸ್ಟಿಕಿನ ಒಂದು ತೆಳುವಾದ ಬುಡದ ಮೇಲೆ. ಆ ಬುಡದ ಒಳಮೂಲೆ ಚೂಪಾಗಿದ್ದರೆ ಬಿರುಕು ಹುಟ್ಟುವುದು ಅಲ್ಲಿಯೇ. ಮುರಿದ ತುಂಡುಗಳನ್ನು ಗಮನಿಸಿ ನೋಡಿ, ಹೆಚ್ಚಿನವು ಪಿನ್ನಿನ ಪಕ್ಕದಲ್ಲೇ ತುಂಡಾಗಿರುತ್ತವೆ.

ಆದರೆ ಐದು ಕಿಲೋ ಎಳೆಯಬೇಕಾದದ್ದು ಯಾಕೆ? ನಮ್ಮ ವಿಮರ್ಶೆ ಶುರುವಾಗಬೇಕಾದದ್ದು ಈ ಪ್ರಶ್ನೆಯಿಂದ. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬೇಸಿಗೆಯಲ್ಲಿ ತೋಟದ ದಾರಿಯ ಕೆಂಪು ಧೂಳು. ಗ್ಲಾಸಿನ ಸಂದಿನಿಂದ ಬಾಗಿಲೊಳಗೆ ಇಳಿದ ನೀರು ಹೊರಗೆ ಹೋಗಲು ಬಾಗಿಲಿನ ಅಡಿಯಲ್ಲಿ ತೂತುಗಳಿವೆ. ಅವು ಮಣ್ಣು, ಕೊಳೆತ ಎಲೆಯಿಂದ ಕಟ್ಟಿಕೊಂಡರೆ ಒಳಗೆ ನೀರು ನಿಂತು ಕೇಬಲ್ ತುಕ್ಕು ಹಿಡಿಯುತ್ತದೆ, ಲಾಕಿನ ಗ್ರೀಸ್ ಧೂಳಿನೊಡನೆ ಸೇರಿ ಗಟ್ಟಿಯಾಗುತ್ತದೆ. ಇನ್ನೊಂದು ಕಾರಣ ನಮ್ಮ ನೆಲದ್ದು. ಗುಡ್ಡೆಯ ಮನೆಯ ಅಂಗಳದಲ್ಲಿ ಕಾರು ಓರೆಯಾಗಿ ನಿಂತಾಗ ಮೇಲ್ಬದಿಯ ಬಾಗಿಲನ್ನು ಏರಿಗೆ ದೂಡಬೇಕು. ಕುಳಿತವರು ಹ್ಯಾಂಡಲನ್ನು ಎಳೆದ ಕೈಯಲ್ಲೇ, ಅದನ್ನು ಬಿಡದೆ, ಬಾಗಿಲನ್ನೂ ದೂಡುತ್ತಾರೆ. ಎಳೆತಕ್ಕೆಂದು ಮಾಡಿದ ತುಂಡು ಅಡ್ಡಕ್ಕೆ ತಿರುಚಿಕೊಳ್ಳುತ್ತದೆ. ಚೈಲ್ಡ್ ಲಾಕ್ ಹಾಕಿದ್ದು ಗೊತ್ತಿಲ್ಲದೆ, ಬಾಗಿಲು ಸಿಕ್ಕಿಕೊಂಡಿದೆಯೆಂದು ಬಲವಾಗಿ ಎಳೆದು ಮುರಿಯುವುದೂ ಉಂಟು.

ಆದ್ದರಿಂದ ಹಿತ್ತಾಳೆಯ ಹ್ಯಾಂಡಲ್ ಹಾಕಿದರೆ ಕಾಯಿಲೆ ವಾಸಿಯಾಗುವುದಿಲ್ಲ, ಜಾಗ ಬದಲಿಸುತ್ತದೆ. ಹ್ಯಾಂಡಲ್ ಉಳಿದು ಕೇಬಲಿನ ತುದಿ ಕಿತ್ತುಬರುತ್ತದೆ, ಇಲ್ಲವೇ ಹ್ಯಾಂಡಲ್ ಕೂರುವ ಪ್ಲಾಸ್ಟಿಕ್ ಚೌಕಟ್ಟು ಡೋರ್ ಪ್ಯಾಡಿನ ಸಮೇತ ಸಡಿಲವಾಗುತ್ತದೆ. ಇದಕ್ಕಿಂತ ದೊಡ್ಡ ದೋಷ ಭಾರದ್ದು. 2004ರ ನವೆಂಬರಿನಲ್ಲಿ ವಿಶ್ವಸಂಸ್ಥೆಯ ಚೌಕಟ್ಟಿನಲ್ಲಿ ಒಪ್ಪಿತವಾದ ಮೊದಲ ಜಾಗತಿಕ ವಾಹನ ನಿಯಮವೇ ಬಾಗಿಲ ಲಾಕು, ಹಿಂಜುಗಳ ಬಗ್ಗೆ. ಲಾಕು 11,000 ನ್ಯೂಟನ್, ಎಂದರೆ ಸುಮಾರು 1,120 ಕಿಲೋ ಭಾರದ ಎಳೆತ ತಾಳಬೇಕು. ಗುರುತ್ವದ 30 ಪಟ್ಟು ಹೊಡೆತಕ್ಕೂ ತಾನಾಗಿ ಬಿಡಬಾರದು. ಅಷ್ಟು ಹೊಡೆತದಲ್ಲಿ 40 ಗ್ರಾಮಿನ ಪ್ಲಾಸ್ಟಿಕ್ ಹ್ಯಾಂಡಲ್ 1.2 ಕಿಲೋದಷ್ಟು ಎಳೆಯುತ್ತದೆ, 200 ಗ್ರಾಮಿನ ಲೋಹದ ಹ್ಯಾಂಡಲ್ 6 ಕಿಲೋದಷ್ಟು. ಹಳೆಯ ಸ್ಪ್ರಿಂಗ್ ಅದನ್ನು ತಡೆಯದೆ ಹೋದರೆ ಡಿಕ್ಕಿಯಾಗುವ ಹೊತ್ತಿಗೇ ಬಾಗಿಲು ತೆರೆದುಕೊಳ್ಳುತ್ತದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ರಿಪೇರಿ ಜೀವಕ್ಕೆ ಅಪಾಯವಾಗುವುದು ಹೀಗೆ.

ಮುರಿದದ್ದನ್ನು ಹಾಗೇ ಬಿಡುವುದೂ ಸಣ್ಣ ವಿಷಯವಲ್ಲ. ಕಡಬ ದಾರಿಯ ಹೊಸಮಠದ ಹಳೆಯ ಮುಳುಗು ಸೇತುವೆಯ ದಿನಗಳನ್ನು ಕಂಡವರಿಗೆ ನೀರಿನ ಭಯ ಹೇಳಿಕೊಡಬೇಕಾಗಿಲ್ಲ. ಕಾರಿನ ಹೊರಗೆ ಬಾಗಿಲಿಗೆ ಅರ್ಧ ಮೀಟರ್ ನೀರು ನಿಂತರೆ, ಒಂದು ಮೀಟರ್ ಅಗಲದ ಬಾಗಿಲಿನ ಮೇಲೆ ಸುಮಾರು 125 ಕಿಲೋ ಒತ್ತಡ ಬೀಳುತ್ತದೆ. ನೀರು ಅಲ್ಲಿಗೆ ಏರುವ ಮೊದಲೇ ಇಳಿಯಬೇಕು. ಗ್ಲಾಸ್ ಇಳಿಸಿ ಹೊರಗಿನಿಂದ ತೆರೆಯುವ ನಮ್ಮ ಉಪಾಯ ಪವರ್ ವಿಂಡೋದ ಕರೆಂಟು ಹೋದ ಕ್ಷಣಕ್ಕೇ ಮುಗಿಯುತ್ತದೆ.

ನಾನು ಮೆಚ್ಚಿದ ರಿಪೇರಿ ಒಂದೇ. ಅದನ್ನು ಮಾಡಿದ ಮೆಕ್ಯಾನಿಕ್ ಹ್ಯಾಂಡಲನ್ನು ಮುಟ್ಟುವ ಮೊದಲು ಡೋರ್ ಪ್ಯಾಡ್ ಬಿಚ್ಚಿದರು, ಅಡಿಯ ತೂತುಗಳನ್ನು ಕಂಬಿಯಿಂದ ಬಿಡಿಸಿದರು, ಲಾಕನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸ್ ಕೊಟ್ಟರು, ಕೇಬಲಿನ ಸಡಿಲು ಸರಿಮಾಡಿದರು. ಆಮೇಲೆ ಮೊದಲಿನಂಥದ್ದೇ ಪ್ಲಾಸ್ಟಿಕ್ ಹ್ಯಾಂಡಲ್ ಕೂರಿಸಿದರು. ಎರಡು ಬೆರಳಿನಲ್ಲಿ ಬಾಗಿಲು ತೆರೆಯಿತು.

ವಿನ್ಯಾಸದಲ್ಲೂ ಬದಲಾಗಬೇಕಾದದ್ದು ಸಾಕಷ್ಟಿದೆ. ಬುಡದ ಮೂಲೆ ದುಂಡಗಾಗಲಿ. ಪಿನ್ ಎರಡೂ ತುದಿಯಲ್ಲಿ ಆಧಾರ ಪಡೆಯಲಿ. ಮುಖ್ಯವಾಗಿ, ಲಾಕು ಬಿಟ್ಟ ಮೇಲೂ ಎಳೆದರೆ ಆ ಹೆಚ್ಚಿನ ಬಲ ಪಿನ್ನಿಗಾಗಲಿ ಕೇಬಲಿಗಾಗಲಿ ಹೋಗದೆ ಬಾಗಿಲಿನ ತಗಡಿಗೆ ಹೋಗುವಂತೆ ಒಂದು ಗಟ್ಟಿ ತಡೆ ಇರಲಿ. ದೂಡಲು ಬೇರೆಯೇ ಹಿಡಿ, ಕೈಗೆ ಸುಲಭವಾಗಿ ಸಿಗುವಲ್ಲಿ ಇರಲಿ. ಪುತ್ತೂರಿನ ಕೃಷಿ ಯಂತ್ರಮೇಳದಲ್ಲಿ ಅಡಿಕೆ ಸುಲಿಯುವ ಯಂತ್ರಗಳನ್ನು ನೋಡಿದವರಿಗೆ ಗೊತ್ತು, ನಮ್ಮ ಊರಿನ ಕೈಗಳಿಗೆ ಇದು ಮೀರಿದ ಕೆಲಸವಲ್ಲ. ಸುಳ್ಯದ ಕೆವಿಜಿ ಇಂಜಿನಿಯರಿಂಗ್ ಕಾಲೇಜು, ಪುತ್ತೂರಿನ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ವಿದ್ಯಾರ್ಥಿಗಳು ನಮ್ಮ ಗುಜರಿ ಅಂಗಡಿಗಳಿಂದ ಮುರಿದ ಹ್ಯಾಂಡಲುಗಳನ್ನು ತಂದು, ಎಲ್ಲಿ ಮುರಿದಿದೆ ಎಂದು ಒಂದೊಂದನ್ನೇ ನೋಡಿ ಬರೆದಿಟ್ಟರೆ ಅದೇ ಒಳ್ಳೆಯ ಪ್ರಾಜೆಕ್ಟ್.

ಓದುವವರಲ್ಲಿ ನನ್ನ ಕೋರಿಕೆ ಇಷ್ಟೇ: ಮಳೆ ಹಿಡಿಯುವ ಮೊದಲು ಒಂದು ದಿನ ನಿಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಎರಡೂ ಬಾಗಿಲನ್ನು ಒಳಗಿನಿಂದ ತೆರೆದು ನೋಡಿ.