ಬೇಲಿಯೊಳಗಿನ ‘ಚಕ್’

ದಸರೆಗೆ ಬಂದವರು ರಂಗನತಿಟ್ಟಿನಲ್ಲಿ ದೋಣಿ ಹತ್ತುತ್ತಾರೆ, ಬಂಡೆಯ ಮೇಲೆ ಬಿಸಿಲು ಕಾಯಿಸುವ ಮೊಸಳೆಯ ಫೋಟೊ ಹೊಡೆಯುತ್ತಾರೆ, ಇಳಿಯುವಾಗ ‘ಹಕ್ಕಿಗಳೇ ಇಲ್ವಲ್ರೀ’ ಎಂದು ಗೊಣಗುತ್ತಾರೆ. ಬಣ್ಣದ ಕೊಕ್ಕರೆಗಳ ಸಂಸಾರ ಮುಗಿದ ಕಾಲ ಅದು. ಗೂಡುಗಳ ಜಾತ್ರೆ ಬೇಕಿದ್ದರೆ ಬೇಸಿಗೆಯಲ್ಲಿ ಬರಲಿ. ದೊಡ್ಡದಾಗಿ, ಬಣ್ಣಬಣ್ಣವಾಗಿ, ಗುಂಪಾಗಿ ಕೂತರೆ ಮಾತ್ರ ಹಕ್ಕಿ ಎಂಬ ಈ ರುಚಿ ನನಗೆ ಸೇರುವುದಿಲ್ಲ.

ನಮ್ಮ ಹಕ್ಕಿ ನೋಡುವ ತಂಡಕ್ಕೆ ಹೊಸದಾಗಿ ಸೇರಿದವರಿಗೆ ನಾನು ಹೇಳುವುದು ಒಂದೇ: ದುರ್ಬೀನು ಚೀಲದಲ್ಲಿರಲಿ, ಮೊದಲ ಅರ್ಧ ಗಂಟೆ ಬರೀ ಕೇಳಿ.

ಇದನ್ನು ನಾನು ಕಲಿತದ್ದು ಪಾಂಡವಪುರದ ಹತ್ತಿರ, ನಾಲೆ ಏರಿಯ ಮೇಲೆ. ಕಬ್ಬಿನ ಗದ್ದೆಯ ಅಂಚಿನ ಲಂಟಾನದಲ್ಲಿ ಏನೋ ಅಲುಗಿತು. ನಾನು ಕೊಂಬೆ ಸರಿಸಲು ಹೋದೆ. ಜೊತೆಗಿದ್ದ ಹಿರಿಯರು ಕೈ ಹಿಡಿದು ನಿಲ್ಲಿಸಿದರು. ‘ಸುಮ್ನೆ ನಿಂತ್ಕಳಪ್ಪ. ಮೊದ್ಲು ಸದ್ದ ಹಿಡಿ, ಹಕ್ಕಿ ಆಮೇಲೆ.’ ನಿಂತೆ. ಎರಡು ಬೆಣಚುಕಲ್ಲು ತಾಕಿಸಿದಂತೆ ‘ಚಕ್’. ಸ್ವಲ್ಪ ಬಿಟ್ಟು ಮತ್ತೆ ‘ಚಕ್’. ಹತ್ತು ನಿಮಿಷದ ಮೇಲೆ ಎಲೆಗಳ ನಡುವೆ ಒಣಹುಲ್ಲಿನ ಬಣ್ಣದ ಬೆನ್ನು ಒಂದು ಕ್ಷಣ ಕಂಡು ಮರೆಯಾಯಿತು. ಬ್ಲೈತ್‌ನ ಉಲಿಯಕ್ಕಿ. ತೂಕ ಸುಮಾರು 12 ಗ್ರಾಂ. ಹುಟ್ಟೂರು ಪೂರ್ವ ಯುರೋಪು, ಸೈಬೀರಿಯದ ಕಡೆ. ಅಷ್ಟು ದೂರದಿಂದ ಹಾರಿ ಬಂದು ನಮ್ಮ ಬೇಲಿಯಲ್ಲಿ ಹುಳ ಹೆಕ್ಕುತ್ತಿದೆ! ಅಂದು ಮನೆಗೆ ಹೋದರೂ ಕಿವಿಯಲ್ಲಿ ಅದೇ ಸದ್ದು. ಆಮೇಲೆ ನೋಡಿದರೆ ನಮ್ಮ ಹಿತ್ತಲಿನ ದಾಸವಾಳದಲ್ಲೂ ಅದೇ ಇತ್ತು. ಅಷ್ಟು ವರ್ಷ ನನಗೆ ಕೇಳಿಸಿರಲಿಲ್ಲ, ಅಷ್ಟೇ.

ಹಾಗೆಂದು ಪೊದೆಯ ಸದ್ದೆಲ್ಲ ಅದರದ್ದಲ್ಲ. ಸಿಂಪಿಗ ಮೈಗಿಂತ ದೊಡ್ಡ ಗಂಟಲಲ್ಲಿ ಒಂದೇ ಸಮನೆ ‘ಟುವಿ ಟುವಿ’ ಎಂದು ಕೂಗುತ್ತದೆ. ಬೂದು ಉಲಿ ಪೊದೆಯಿಂದ ಪೊದೆಗೆ ಹಾರುವಾಗ ವಿದ್ಯುತ್ ಕಿಡಿ ಸಿಡಿದಂತೆ ಚಟಚಟ ಸದ್ದು. ಹೊಂಗೆಯ ನೆತ್ತಿಯಿಂದ ‘ಚಿಸ್‌ವಿಟ್’ ಎಂದು ಎರಡಕ್ಷರ ಕೇಳಿದರೆ ಅದು ಹಸಿರು ಉಲಿಯಕ್ಕಿ, ಅದೂ ವಲಸೆಯದೇ. ತಗ್ಗಿನಲ್ಲಿ, ದಟ್ಟ ಪೊದೆಯಲ್ಲಿ, ಒಂಟಿ ಅಕ್ಷರ ಬಿಟ್ಟು ಬಿಟ್ಟು ಬಂದರೆ ಮಾತ್ರ ನಮ್ಮ ಅತಿಥಿ. ಇದಿಷ್ಟು ಕಿವಿಗೆ ಹತ್ತಿತೆಂದರೆ ಮಿಕ್ಕದ್ದು ತಾನಾಗಿ ಬರುತ್ತದೆ.

ನಮ್ಮ ಸುತ್ತಿನ ಉಳಿದ ಜಾಗಗಳ ಮಾತು ಬೇಗ ಮುಗಿಸುತ್ತೇನೆ. ಮೇಲುಕೋಟೆಯ ಬಂಡೆಗಳಲ್ಲಿ ಹಳದಿ ಕೊರಳಿನ ಪಿಕಳಾರವಿದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ನಾಗಮಂಗಲದ ಕಡೆ ಎಲ್ಲರೂ ಆದಿಚುಂಚನಗಿರಿಯ ನವಿಲಿಗೆ ಓಡುತ್ತಾರೆ. ನೀವು ರಾಗಿ ಹೊಲದ ಬದುವಿನಲ್ಲಿ ನಿಂತು ಗೌಜಲಹಕ್ಕಿಯ ಕೂಗು ಕೇಳಿ. ಕೆ.ಆರ್. ಪೇಟೆಗೆ ಹೋದರೆ ಹೇಮಾವತಿಯ ದಡದಲ್ಲಿ ಬಾಲ ಕುಣಿಸುವ ಕುಂಡೆಕುಸ್ಕಗಳನ್ನು ನೋಡಿ.

1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಮಾತಿಗೆ ಮೈಸೂರು ಅರಸರು ಒಪ್ಪಿ ರಂಗನತಿಟ್ಟನ್ನು ಪಕ್ಷಿಧಾಮ ಮಾಡಿದರು. ತಿಟ್ಟು ಉಳಿಯಿತು. ನಾಲೆ ಏರಿಯ ಪೊದೆಗೆ ಅಂಥ ಯಾವ ರಕ್ಷಣೆಯೂ ಇಲ್ಲ. ‘ಸ್ವಚ್ಛತೆ’ಯ ಹೆಸರಲ್ಲಿ ಒಂದು ಬೆಳಗ್ಗೆ ಜೆಸಿಬಿ ಬಂದರೆ ಮುಗಿಯಿತು. ನನಗೆ ‘ಚಕ್’ ಕಲಿಸಿದ ಆ ಲಂಟಾನ ಹೋದದ್ದು ಹಾಗೆಯೇ. ಅಲ್ಲೊಂದು ಹಕ್ಕಿಯಿದೆ ಎಂದು ಹೇಳಲು ಅದನ್ನು ಕೇಳಿದ್ದವರು ಊರಲ್ಲಿ ನಾಲ್ಕು ಜನರೂ ಇರಲಿಲ್ಲ. ಅದಕ್ಕೇ ಕರೆಯುತ್ತಿದ್ದೇನೆ, ಈ ಭಾನುವಾರ ನಮ್ಮ ತಂಡದ ಜೊತೆ ಕೇಳಲು ಬನ್ನಿ.